ನಡುಹಗಲಲ್ಲಿ 1/2000ಕ್ಕೆ ಫ್ಲ್ಯಾಶ್: ಡಿ40 ಜೊತೆ ನನ್ನ ಅನುಭವ

ಮಟಮಟ ಮಧ್ಯಾಹ್ನದ ಪೋರ್ಟ್ರೇಟ್‌ಗೆ ನಾನು ಇವತ್ತಿಗೂ ಬಳಸುವುದು 2006ರ ನಿಕಾನ್ ಡಿ40, ಬರೀ 6 ಮೆಗಾಪಿಕ್ಸೆಲ್‌ನದು. ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿ ಶಟರ್ ವೇಗ 1/250 ಸೆಕೆಂಡ್ ದಾಟಿದರೆ ಶಟರ್‌ನ ಎರಡು ಪರದೆಗಳ ನಡುವೆ ಒಂದು ಸೀಳಷ್ಟೇ ತೆರೆದಿರುತ್ತದೆ. ಫ್ಲ್ಯಾಶ್ ತಲುಪದ ಭಾಗ ಕಪ್ಪು ಪಟ್ಟಿಯಾಗುತ್ತದೆ. ಡಿ40ಯಲ್ಲಿ ಹೆಚ್ಚಿನ ವೇಗವನ್ನು ಸಿಸಿಡಿ ಸೆನ್ಸರೇ (ಚಿತ್ರ ಹಿಡಿಯುವ ಚಿಪ್) ನಿಭಾಯಿಸುವುದರಿಂದ ಪರದೆ ಪೂರ್ತಿ ತೆರೆದಿರುತ್ತದೆ. ಡಿ70ಯೂ ಹೀಗೇ. ಡಿ40ಎಕ್ಸ್ ಹಾಗಲ್ಲ, ಕೊಳ್ಳುವಾಗ ಹೆಸರು ಸರಿಯಾಗಿ ನೋಡಿ.

ಬೇರೆ ಕ್ಯಾಮೆರಾಗಳಲ್ಲಿ ಹೆಚ್ಚಿನ ವೇಗಕ್ಕೂ ಫ್ಲ್ಯಾಶ್ ಬಳಸಲು ಹೈ ಸ್ಪೀಡ್ ಸಿಂಕ್ ಇದೆಯಲ್ಲ ಎನ್ನಬಹುದು. ಅದು ಸೀಳು ಸೆನ್ಸರ್ ದಾಟುವವರೆಗೂ ಫ್ಲ್ಯಾಶನ್ನು ಮಿಡಿಸುತ್ತಲೇ ಇರುತ್ತದೆ, ಬೆಳಕಿನ ಬಹುಪಾಲು ಪರದೆಗೆ ಬಡಿದು ದಂಡ. ಡಿ40ಯಲ್ಲಿ ಶಟರ್ ಏರಿಸಿದರೆ ಬಿಸಿಲು ಮಾತ್ರ ಇಳಿಯುತ್ತದೆ, ಮುಖದ ಮೇಲಿನ ಫ್ಲ್ಯಾಶ್ ಬೆಳಕು ಹಾಗೇ ಇರುತ್ತದೆ.

ನಿಕಾನ್‌ನದೇ ಫ್ಲ್ಯಾಶ್ ಸಿಕ್ಕಿಸಿದರೆ ಕ್ಯಾಮೆರಾ ಅದನ್ನು ಗುರುತಿಸಿ 1/500ಕ್ಕೆ ನಿಲ್ಲಿಸಿಬಿಡುತ್ತದೆ. ಅದಕ್ಕೇ ನಾನು ನಡುವಿನ ಸಂಪರ್ಕ ಮಾತ್ರ ಇರುವ ಅಡಾಪ್ಟರನ್ನು ಹಾಟ್ ಶೂಗೆ (ಕ್ಯಾಮೆರಾ ತಲೆಯ ಮೇಲೆ ಫ್ಲ್ಯಾಶ್ ಕೂರುವ ಜಾಗ) ಹಾಕಿ, ಅಲ್ಲಿಂದ ನಿಕಾನ್‌ನ ಎಸ್‌ಬಿ-800 ಫ್ಲ್ಯಾಶ್‌ಗೆ ಪಿಸಿ ಕೇಬಲ್ (ಫ್ಲ್ಯಾಶ್ ಹೊತ್ತಿಸುವ ಸಂಕೇತವಷ್ಟೇ ಒಯ್ಯುವ ತಂತಿ) ಎಳೆಯುತ್ತೇನೆ. ಅಡಾಪ್ಟರ್ ಇಲ್ಲದಿದ್ದರೆ ಫ್ಲ್ಯಾಶ್ ಪಾದದ ನಡುವಿನ ಪಿನ್ ಬಿಟ್ಟು ಉಳಿದವಕ್ಕೆ ತೆಳು ಸೆಲೋ ಟೇಪ್ ಅಂಟಿಸಿ. ದಪ್ಪ ಟೇಪ್ ಬೇಡ, ಜಾರಿಸುವಾಗ ಸುರುಳಿಯಾಗಿ ನಡುವಿನ ಪಿನ್ನಿನ ಮೇಲೇ ಕೂರುತ್ತದೆ.

ಕ್ಯಾಮೆರಾ, ಫ್ಲ್ಯಾಶ್ ಎರಡೂ ಮ್ಯಾನುಯಲ್. ಐಎಸ್‌ಒ 200 (ಇದರಲ್ಲಿ ಅದಕ್ಕಿಂತ ಕೆಳಗಿಲ್ಲ), 1/2000, ಎಫ್/5.6: ಬಿಸಿಲು ಬಿದ್ದ ಹಿನ್ನೆಲೆ ತುಸು ಗಾಢವಾಗಿ ಬರುತ್ತದೆ. ಫ್ಲ್ಯಾಶ್ 1/4 ಪವರ್. ಎಸ್‌ಬಿ-800ರ ಗೈಡ್ ನಂಬರ್ (ಫ್ಲ್ಯಾಶ್‌ನ ತಾಕತ್ತಿನ ಅಳತೆ, ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಮುಟ್ಟುವ ದೂರ) 35 ಎಂಎಂ ಜೂಮ್‌ನಲ್ಲಿ, ಐಎಸ್‌ಒ 100ಕ್ಕೆ 38 ಮೀಟರ್. ಐಎಸ್‌ಒ 200ಕ್ಕೆ 54, ಕಾಲು ಪವರ್‌ಗೆ 27. ಅದನ್ನು 5.6ರಿಂದ ಭಾಗಿಸಿದರೆ ಬರಿ ಫ್ಲ್ಯಾಶ್‌ಗೆ 4.8 ಮೀಟರ್. ಬೆಳಕು ಮೆದುವಾಗಿಸಲು ಫ್ಲ್ಯಾಶ್‌ಗೆ ಹಿಡಿಯುವ ಬಿಳಿ ಕೊಡೆ ಎರಡು ಸ್ಟಾಪ್ (ಮುಕ್ಕಾಲು ಪಾಲು ಬೆಳಕು) ತಿಂದರೂ 2.4 ಮೀಟರ್ ಉಳಿಯುತ್ತದೆ, ಮುಖಕ್ಕೆ ಧಾರಾಳ ಸಾಕು.

ಪೂರ್ತಿ ಪವರ್ ಯಾಕಲ್ಲ? ಎಸ್‌ಬಿ-800 ಪೂರ್ತಿ ಪವರ್‌ನಲ್ಲಿ 1/1050 ಸೆಕೆಂಡ್ ಉರಿಯುತ್ತದೆ. 1/2000ಕ್ಕೆ ಸೆನ್ಸರ್ ಮುಚ್ಚಿಕೊಂಡಾಗ ಬೆಳಕು ಇನ್ನೂ ಬರುತ್ತಲೇ ಇರುತ್ತದೆ. 1/4ರಲ್ಲಿ 1/2700ಕ್ಕೆ ಮುಗಿಯುತ್ತದೆ. ಇದಕ್ಕಿಂತ ಕಿರಿಕಿರಿ ಕೇಬಲ್ ಬದಲು ತಂತಿಯಿಲ್ಲದೆ ಫ್ಲ್ಯಾಶ್ ಹೊತ್ತಿಸುವ ಅಗ್ಗದ ರೇಡಿಯೊ ಟ್ರಿಗರ್‌ನದು. ಸಂಕೇತ ತಡವಾದರೂ ಇಲ್ಲಿ ಕಪ್ಪು ಪಟ್ಟಿ ಕಾಣುವುದಿಲ್ಲ, ಇಡೀ ಫ್ರೇಮ್ ಒಂದೇ ಸಮ ಮಂಕಾಗುತ್ತದೆ. ಹಾಗಾಗಿ ತಪ್ಪು ಪವರ್‌ನದೆಂದು ಅದನ್ನು ಏರಿಸುತ್ತಾ ಹೋಗುತ್ತೇವೆ. ನೆರಳಲ್ಲಿ 1/500, 1/1000, 1/2000 ಮೂರರಲ್ಲೂ ತೆಗೆದು ನೋಡಿ. ಫ್ಲ್ಯಾಶ್ ಬಿದ್ದ ಮುಖ ಎಲ್ಲದರಲ್ಲೂ ಒಂದೇ ಬೆಳಕಲ್ಲಿರಬೇಕು. 2000ದಲ್ಲಷ್ಟೇ ಕುಸಿದರೆ ಟ್ರಿಗರ್ ಬಿಟ್ಟು ಕೇಬಲ್ ಹಾಕಿ.

ಸೂರ್ಯನನ್ನು ಮಾತ್ರ ಫ್ರೇಮಿನೊಳಗೆ ಬಿಟ್ಟುಕೊಳ್ಳಬೇಡಿ. ಈ ವೇಗದಲ್ಲಿ ಸಿಸಿಡಿ ಮೇಲಿಂದ ಕೆಳಗೆ ಬಿಳಿ ಗೆರೆ ಎಳೆದುಬಿಡುತ್ತದೆ. ನಾನು ಅವನನ್ನು ಕೂತವರ ತಲೆಯ ಹಿಂದೆ ಮರೆಮಾಡುತ್ತೇನೆ.