ಒಂದು ಗಂಟೆಗೆ ಡಬ್ಬಿ ತೆಗೆದರೂ ಮುದ್ದೆಯಾಗದ ಆಲೂಗಡ್ಡೆ ಪಲ್ಯ: ನನ್ನ ಅನುಭವ

ಡಬ್ಬಿ ಊಟ ಕಳಿಸುವವರಿಗೆಲ್ಲ ಆಲೂಗಡ್ಡೆ ಪಲ್ಯದ ಕಷ್ಟ ಗೊತ್ತೇ ಇರುತ್ತದೆ. ಒಲೆಯಿಂದ ಇಳಿಸುವಾಗ ಬಿಡಿಬಿಡಿಯಾಗಿ ಚೆನ್ನಾಗಿಯೇ ಇರುತ್ತದೆ. ಮಧ್ಯಾಹ್ನ ಮುಚ್ಚಳ ತೆಗೆದರೆ ಎಲ್ಲ ಅಂಟಿಕೊಂಡು ಒಂದೇ ಮುದ್ದೆ. ಮೈಸೂರಿನಲ್ಲಿ ನಾನು ದಿನಾ ನಲವತ್ತರ ಮೇಲೆ ಡಬ್ಬಿ ಕಟ್ಟುತ್ತೇನೆ. ಚಪಾತಿ ಮಾಡುವ ದಿನ, ಅಂದರೆ ವಾರಕ್ಕೆ ಮೂರು ಸಲ, ಈ ಪಲ್ಯವೇ. ಎರಡು ವರ್ಷ ಅದೇ ದೂರು ಕೇಳಿದ್ದೇನೆ. ಈಗ ಎಂಟು ತಿಂಗಳಿಂದ ಒಂದು ದೂರೂ ಬಂದಿಲ್ಲ. ಡಬ್ಬಿ ವಾಪಸ್ ಬಂದಾಗ ಪಲ್ಯದ ಬಟ್ಟಲು ಒರೆಸಿದ ಹಾಗೆ ಖಾಲಿ ಇರುತ್ತದೆ.

ನಾನು ಮಾಡುವುದು ಇಷ್ಟೇ. ಗಡ್ಡೆಯನ್ನು ಹಿಂದಿನ ಸಂಜೆಯೇ ಸಿಪ್ಪೆ ಸಮೇತ ಬೇಯಿಸಿ, ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟು, ಬೆಳಗ್ಗೆ ತಣ್ಣಗಿರುವಾಗಲೇ ಹೆಚ್ಚಿ ಹುರಿಯುತ್ತೇನೆ. ಒಗ್ಗರಣೆ ಕೊನೆಗೆ.

ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. "ಆಲೂಗಡ್ಡೆ ಫ್ರಿಜ್‌ನಲ್ಲಿಟ್ಟರೆ ಸಿಹಿಯಾಗುತ್ತೆ ಕಣಮ್ಮ" ಅಂದರು ಅತ್ತೆ. ಮದುವೆ ಅಡುಗೆ ಮಾಡುವ ಪರಿಚಯದ ಭಟ್ಟರೊಬ್ಬರು, "ಒಗ್ಗರಣೆ ಕೊನೆಗೆ ಹಾಕೋಕೆ ಇದೇನು ಸಾರಾ?" ಅಂತ ಕೇಳಿದರು. ಅತ್ತೆ ಹೇಳಿದ್ದು ಹಸಿ ಗಡ್ಡೆಗೆ ಪೂರ್ತಿ ನಿಜ. ಹಸಿಯದನ್ನು ಫ್ರಿಜ್‌ನಲ್ಲಿಟ್ಟರೆ ಸಿಹಿಯಾಗುತ್ತದೆ, ಹುರಿಯುವಾಗ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಕೋಲ್ಡ್ ಸ್ಟೋರೇಜ್‌ನಿಂದ ಬಂದ ಮಾಲಿನಲ್ಲೂ ಎಷ್ಟೋ ಸಲ ಇದೇ ತೊಂದರೆ. ಬೆಂದ ಗಡ್ಡೆ ಹಾಗಲ್ಲ. ಅದು ತಣ್ಣಗಾದಷ್ಟೂ ಗಟ್ಟಿಯಾಗುತ್ತದೆ, ಚಾಕು ಹಾಕಿದರೆ ಚೂಪು ಅಂಚು ಬರುತ್ತದೆ.

ಇಲ್ಲಿಗೆ ಬರುವ ಮೊದಲು ಕಳೆದುಕೊಂಡ ದುಡ್ಡನ್ನೂ ಹೇಳಬೇಕು. ಮೊದಲು ಕುಕ್ಕರ್‌ನಲ್ಲಿ ಎರಡು ಕೂಗು ಹಾಕಿಸುತ್ತಿದ್ದೆ. ಹೊರಗೆ ಒಡೆದು ಹಿಟ್ಟು, ನಡುವೆ ಗಟ್ಟಿ. ಆರು ಕೆಜಿ ಹಾಕಿದರೆ ಮುಕ್ಕಾಲು ಕೆಜಿ ತಳ ಹಿಡಿದೇ ಹೋಗುತ್ತಿತ್ತು. ಆಮೇಲೆ ಹಸಿ ಹೋಳನ್ನೇ ಎಣ್ಣೆಯಲ್ಲಿ ಕರಿದು ನೋಡಿದೆ. ಬಿಸಿಯಲ್ಲಿ ಅದ್ಭುತ. ಆದರೆ ಡಬ್ಬಿಯಲ್ಲಿ ಎರಡು ಗಂಟೆ ಇದ್ದರೆ ಚರ್ಮದ ಹಾಗೆ ಜಗಿಯಬೇಕು, ಎಣ್ಣೆಯೂ ಲೀಟರ್ ದಾಟಿತು. ದೊಡ್ಡ ನಾನ್‌ಸ್ಟಿಕ್ ಬಾಣಲೆಗೆ ಎರಡು ಸಾವಿರ ಚಿಲ್ಲರೆ ಕೊಟ್ಟೆ. ಆರು ತಿಂಗಳಿಗೆ ಪದರ ಎದ್ದಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಒಂದು ಏಪ್ರಿಲ್‌ನಲ್ಲಿ ಬಿತ್ತು. ಫ್ರಿಜ್‌ನಲ್ಲಿ ಜಾಗ ಇಲ್ಲ ಅಂತ ಬೆಂದ ಗಡ್ಡೆಯನ್ನು ಪಾತ್ರೆಯಲ್ಲೇ ಮುಚ್ಚಿ ರಾತ್ರಿ ಹೊರಗಿಟ್ಟೆ. ಬೆಳಗ್ಗೆ ಒಂದನ್ನು ಮುರಿದರೆ ಸಣ್ಣ ನೂಲು ಎಳೆಯಿತು, ಹುಳಿ ವಾಸನೆ. ಆರು ಕೆಜಿಯನ್ನೂ ಎಸೆದು, ಗಡಿಬಿಡಿಯಲ್ಲಿ ಕೋಸಿನ ಪಲ್ಯ ಮಾಡಿ ಕಳಿಸಿದೆ. ಅದೇ ವಾರ ಹಳೇ ಫ್ರಿಜ್ ಒಂದನ್ನು ಆರೂವರೆ ಸಾವಿರಕ್ಕೆ ತಂದೆ. ಇದರಲ್ಲಿ ಅಡ್ಡದಾರಿ ಇಲ್ಲ. ಬೆಂದ ಮೇಲೆ ನೀರು ಬಸಿದು, ಹಬೆ ಆರಿದ ಕೂಡಲೇ ಒಳಗಿಡಬೇಕು. ಪಾತ್ರೆಯಲ್ಲಿ ರಾಶಿ ಹಾಕಬೇಡಿ. ತಟ್ಟೆಯಲ್ಲಿ ಒಂದೇ ಸಾಲಾಗಿ ಹರಡಿ, ಮುಚ್ಚದೆ ಇಡಿ. ಮೇಲಿನ ಪಸೆ ಒಣಗಿದರೇನೇ ಬೆಳಗ್ಗೆ ಹುರಿಯುವುದು ಸುಲಭ.

ಬೇಯಿಸುವುದು ತೆರೆದ ಪಾತ್ರೆಯಲ್ಲಿ. ತಣ್ಣೀರಿಗೇ ಗಡ್ಡೆ, ಕೈ ತುಂಬ ಉಪ್ಪು, ಅರಿಶಿನ ಹಾಕಿ ಒಲೆ ಹಚ್ಚುತ್ತೇನೆ. ನಡುಗಾತ್ರದ್ದಾದರೆ ಕುದಿ ಬಂದ ಮೇಲೆ ಹದಿನೆಂಟು ಇಪ್ಪತ್ತು ನಿಮಿಷ. ಚಾಕು ಇಳಿಯಬೇಕು, ಆದರೆ ನಡುವೆ ಸ್ವಲ್ಪ ತಡೆಯಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಹಾಸನದ ಕಡೆಯಿಂದ ಬರುವ ಹೊಸ ಗಡ್ಡೆಗೆ ಎರಡು ಮೂರು ನಿಮಿಷ ಆಚೀಚೆ ಆದರೂ ಪರವಾಗಿಲ್ಲ, ಒಡೆಯುವುದಿಲ್ಲ. ಹಳೆಯ ಹಿಟ್ಟುಗಡ್ಡೆಯಾದರೆ ಒಲೆ ಬಿಟ್ಟು ಕದಲಬೇಡಿ. ಹಸಿರು ತಿರುಗಿದ್ದನ್ನು ನಾನು ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ.

ಇನ್ನು ಹುರಿಯುವುದು. ಬಾಣಲೆ ಬಿಟ್ಟು ಅಂಚಿರುವ ಕಬ್ಬಿಣದ ಕಾವಲಿ ತಗೊಂಡೆ. ತೂಕದ ಲೆಕ್ಕದಲ್ಲಿ ಸುಮಾರು ಸಾವಿರದ ನಾನೂರು ಆಯಿತು. ಒಂದು ಸಲಕ್ಕೆ ಒಂದೂವರೆ ಕೆಜಿಗಿಂತ ಜಾಸ್ತಿ ಹಾಕುವುದಿಲ್ಲ. ಎಣ್ಣೆ ಚೆನ್ನಾಗಿ ಕಾದ ಮೇಲೆ ಮುಕ್ಕಾಲು ಅಂಗುಲದ ಹೋಳುಗಳನ್ನು ಹರಡಿ, ಕೈ ಕಟ್ಟಿ ನಿಲ್ಲುತ್ತೇನೆ. ನಾಲ್ಕು ನಿಮಿಷ ಮುಟ್ಟುವ ಹಾಗಿಲ್ಲ. ಮೊದಲು ಚಟಪಟ ಅಂತ ಜೋರು ಸದ್ದು, ಅದು ನೀರು ಹೋಗುವ ಸದ್ದು. ಆಮೇಲೆ ಸದ್ದು ಸಣ್ಣಗಾಗಿ ಒಂದೇ ಸಮನೆ ಚುರ್ ಅನ್ನುತ್ತದೆ. ಆಗ ಒಂದು ಹೋಳನ್ನು ಬೆರಳಲ್ಲಿ ತಳ್ಳಿ ನೋಡಿ. ಅಂಟಿಕೊಂಡಿದ್ದರೆ ಇನ್ನೂ ಆಗಿಲ್ಲ. ಹದ ಬಂದಾಗ ಅದೇ ಕಾವಲಿ ಬಿಟ್ಟು ಜಾರುತ್ತದೆ, ಅಡಿಯಲ್ಲಿ ಕೆಂಪಗೆ ಹಕ್ಕಳೆ ಕಟ್ಟಿರುತ್ತದೆ. ದೋಸೆ ಮಗುಚುವ ಕೈಯಲ್ಲಿ ಒಮ್ಮೆ ತಿರುವಿ, ಇನ್ನೊಂದು ಮೂರು ನಿಮಿಷ. ಸುಮ್ನೆ ಕೈಯಾಡಿಸಿದರೆ ಮತ್ತೆ ಅದೇ ಮುದ್ದೆ.

ಸಾಸಿವೆ, ಉದ್ದಿನಬೇಳೆ, ಕರಿಬೇವು ಇಷ್ಟು ಹೊತ್ತು ಆ ಕಾವಿನಲ್ಲಿ ಇದ್ದರೆ ಸೀದು ಕಹಿಯಾಗುತ್ತವೆ ಅಲ್ವಾ? ಅದಕ್ಕೇ ಒಗ್ಗರಣೆ ಬೇರೆ ಸೌಟಿನಲ್ಲಿ ಮಾಡಿ ಕೊನೆಗೆ ಸುರಿಯುತ್ತೇನೆ. ಆಮೇಲೆ ಪುಡಿ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಡಲೆಬೇಳೆ, ಜೀರಿಗೆ, ಇಂಗು ಅಂತ ಹೇಳಬಲ್ಲೆ. ಅಳತೆ ಹೇಳುವುದಿಲ್ಲ, ಅದರಲ್ಲಿ ಇನ್ನೂ ಒಂದು ಸಾಮಾನು ಇದೆ, ಅದನ್ನೂ ಹೇಳುವುದಿಲ್ಲ. ನನ್ನ ಗಿರಾಕಿಗಳು ಬರುವುದೇ ಆ ಪುಡಿಗೆ. ಪುಡಿ ಬಿದ್ದ ಮೇಲೆ ಅರ್ಧ ನಿಮಿಷ ಮಗುಚಿ ಇಳಿಸಿ. ಕಬ್ಬಿಣದ ಮೇಲೆ ನಿಂಬೆಹಣ್ಣು ಹಿಂಡಬೇಡಿ, ಬಣ್ಣ ಕಪ್ಪಾಗುತ್ತದೆ. ಬೇಕಿದ್ದರೆ ತಟ್ಟೆಗೆ ಹಾಕಿದ ಮೇಲೆ ಹಿಂಡಿ.

ಡಬ್ಬಿಗೆ ತುಂಬುವ ಮೊದಲು ಹತ್ತು ನಿಮಿಷ ಅಗಲ ತಟ್ಟೆಯಲ್ಲಿ ಹರಡಿ ಆರಿಸಲೇಬೇಕು. ಬಿಸಿ ಬಿಸಿ ಮುಚ್ಚಿದರೆ ಮುಚ್ಚಳದ ನೀರು ತಿರುಗಿ ಪಲ್ಯದ ಮೇಲೇ ಬೀಳುತ್ತದೆ. ಒಂದು ತಿಂಗಳು ಎಲ್ಲ ಸರಿ ಮಾಡಿಯೂ ನಾನು ಸೋತದ್ದು ಇಲ್ಲೇ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಚಿರೋಟಿ ರವೆಯಲ್ಲಿ ಹೊರಳಿಸಿದೆ, ಡಬ್ಬಿಯಲ್ಲಿ ಒದ್ದೆಯಾಯಿತು. ಅಕ್ಕಿಹಿಟ್ಟೂ ಹಾಗೇ. ಹುರಿಗಡಲೆ ಪುಡಿ ಎರಡು ಚಮಚ ಉದುರಿಸಿದರೆ ಪಸೆ ಹೀರುತ್ತದೆ, ಮಳೆಗಾಲದಲ್ಲಿ ಈಗಲೂ ಹಾಕುತ್ತೇನೆ. ಬೇಯಿಸುವ ನೀರಿಗೆ ಚಿಟಿಕೆ ಸೋಡಾ ಹಾಕಿದ ದಿನ ಹೋಳಿನ ಮೈಯೆಲ್ಲ ಕರಗಿತು. ಅದರ ಉಲ್ಟಾ ಹುಣಸೆಹಣ್ಣು. ಹಿಂದಿನ ದಿನ ಬೇಯಿಸಲು ಆಗದಿದ್ದರೆ ಹಸಿ ಹೋಳನ್ನೇ ಸ್ಟೀಲ್ ಪಾತ್ರೆಯಲ್ಲಿ ತೆಳು ಹುಣಸೆ ನೀರಿನಲ್ಲಿ ಬೇಯಿಸಿ. ನಿಧಾನವಾಗಿ ಬೇಯುತ್ತದೆ, ಆದರೆ ಅಂಚು ಒಡೆಯುವುದಿಲ್ಲ. ಫ್ರಿಜ್‌ನದ್ದಕ್ಕೆ ಸಮ ಅಲ್ಲ, ಆದರೂ ಮಾನ ಉಳಿಸುತ್ತದೆ.

ಆರು ಕೆಜಿಗೆ ಮೊದಲು ಏಳುನೂರು ಮಿಲಿಯಷ್ಟು ಎಣ್ಣೆ ಹೋಗುತ್ತಿತ್ತು, ಈಗ ನಾನೂರು ಸಾಕು. ತಿಂಗಳಿಗೆ ಐನೂರು ಆರುನೂರು ರೂಪಾಯಿ ಅದರಲ್ಲೇ ಉಳಿಯುತ್ತದೆ, ತಳ ಹಿಡಿದು ಹೋಗುತ್ತಿದ್ದ ಗಡ್ಡೆಯ ಲೆಕ್ಕ ಬೇರೆ. ಬೆಳಗ್ಗೆ ಮುಕ್ಕಾಲು ಗಂಟೆ ಮಿಗುತ್ತದೆ. ಭಟ್ಟರು ಹೋದ ತಿಂಗಳು ಒಂದು ನಾಮಕರಣದ ಊಟಕ್ಕೆ ಹತ್ತು ಕೆಜಿಯನ್ನು ಹೀಗೇ ಮಾಡಿದರಂತೆ. ಪುಡಿ ಮಾತ್ರ ನನ್ನಿಂದಲೇ ದುಡ್ಡು ಕೊಟ್ಟು ತಗೊಂಡು ಹೋದರು.