ಬೆಳೆಯುತ್ತಿರುವ ಚಾನೆಲ್‌ಗಳನ್ನೇ ನಂಬಿ ಗೇಮ್ ಮಾರಿದೆ: ನನ್ನ ಅನುಭವ

ನಮ್ಮ ಗೇಮ್‌ನ ಡೆಮೊ ಬಿಡುವ ಮೊದಲು ಎಲ್ಲರದೂ ಒಂದೇ ಸಲಹೆ. ಇರುವ ದುಡ್ಡನ್ನೆಲ್ಲ ಒಬ್ಬ ದೊಡ್ಡ ಯೂಟ್ಯೂಬರ್‌ಗೆ ಕೊಡಿ, ಸಣ್ಣ ಚಾನೆಲ್‌ಗಳ ಹಿಂದೆ ಅಲೆಯಬೇಡಿ. ಪಬ್ಲಿಷರ್ ಹೇಳಿದರು, ಬೇರೆ ಸ್ಟುಡಿಯೋದ ಗೆಳೆಯರು ಹೇಳಿದರು, ನನ್ನ ಜೊತೆ ಕೋಡ್ ಬರೆಯುವ ಪಾಲುದಾರನೂ ಹೇಳಿದ. ನಾನು ಮಾತ್ರ ಈಗೀಗ ಬೆಳೆಯುತ್ತಿರುವ ಚಾನೆಲ್‌ಗಳೇ ಸಾಕು ಅಂತ ಹಟ ಹಿಡಿದಿದ್ದೆ. ಗೇಮ್ ಬಂದು ಹೆಚ್ಚುಕಮ್ಮಿ ಒಂದು ವರ್ಷವಾಯಿತು. ಲೆಕ್ಕ ನನ್ನ ಮಾತನ್ನೇ ಹೇಳುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹಳಿ ಜೋಡಿಸಿ ರೈಲು ಓಡಿಸುವ ನಿಧಾನದ ಪಜಲ್. ಪಿಸಿಗೆ ಮಾತ್ರ, ಅದೂ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಮಾತ್ರ. ವಿಶ್‌ಲಿಸ್ಟ್ ಅಂದರೆ ಮುಂದೆ ಕೊಳ್ಳೋಣ ಅಂತ ಜನ ಸ್ಟೀಮ್‌ನಲ್ಲಿ ಗೇಮ್ ಗುರುತು ಹಾಕಿಡುವುದು. ಕೀ ಅಂದರೆ ಸ್ಟೀಮ್‌ನಲ್ಲಿ ಗೇಮ್ ತೆರೆಯುವ ಕೋಡ್. ಯುಟಿಎಂ ಲಿಂಕ್ ಅಂದರೆ ಯಾರ ವಿಡಿಯೋದಿಂದ ಬಂದರು ಅಂತ ತಿಳಿಸುವ ಲಿಂಕ್.

ಪಬ್ಲಿಷರ್ ಷರತ್ತಿನ ಪ್ರಕಾರ ಮೊದಲು ಅವರ ದಾರಿಯಲ್ಲೇ ಹೋದೆವು. ಪ್ರಚಾರದ ದುಡ್ಡಿನಲ್ಲಿ ಅರ್ಧ ಒಂದೇ ಚಾನೆಲ್‌ಗೆ ಹೋಯಿತು. ಹತ್ತಾರು ಲಕ್ಷ ಸಬ್‌ಸ್ಕ್ರೈಬರ್ ಇರುವ ಚಾನೆಲ್ ಅದು. ಅವರ ಮಾಮೂಲಿ ಶೂಟರ್ ಗೇಮ್ ವಿಡಿಯೋ ನಡುವೆ ನಮಗೆ ಒಂದು ನಿಮಿಷ, ಕೆಳಗೆ ಲಿಂಕ್. ಬರಲಿರುವ ಗೇಮ್‌ಗಳ ಡೆಮೊ ಹಬ್ಬ ಸ್ಟೀಮ್ ನೆಕ್ಸ್ಟ್ ಫೆಸ್ಟ್ ಶುರುವಾಗುವ ದಿನವೇ ವಿಡಿಯೋ ಬರಬೇಕು ಅಂತ ಮಾತಾಗಿತ್ತು. ಆ ಚಾನೆಲ್‌ನ ಏಜೆಂಟ್ ಒಮ್ಮೆ ಮುಂದೂಡಿದರು, ಮತ್ತೊಮ್ಮೆ ಮುಂದೂಡಿದರು. ಕೊನೆಗೆ ವಿಡಿಯೋ ಬಂದಾಗ ಫೆಸ್ಟ್ ಮುಗಿದು ವಾರವಾಗಿತ್ತು. ಒಂದು ಗೇಮ್‌ಗೆ ನೆಕ್ಸ್ಟ್ ಫೆಸ್ಟ್ ಸಿಗುವುದು ಒಂದೇ ಸಲ, ಅಲ್ವಾ? ಹೋಯಿತು. ಒಪ್ಪಂದದಲ್ಲಿ ತಾರೀಖಿನ ಬದಲು 'ಆ ತಿಂಗಳೊಳಗೆ' ಅಂತ ಬರೆದಿದ್ದರು. ಕೇಳಲೂ ದಾರಿ ಇರಲಿಲ್ಲ.

ವಿಡಿಯೋ ಮಾತ್ರ ಚೆನ್ನಾಗಿ ಓಡಿತು, ನಾಲ್ಕು ಲಕ್ಷದ ಹತ್ತಿರ ನೋಡಿದರು. ನಮಗೆ ಬಂದ ವಿಶ್‌ಲಿಸ್ಟ್ ಆರುನೂರರ ಆಸುಪಾಸು. ಯಾಕೆ ಅಂತ ತಿಳಿಯಲು ಆ ವಿಡಿಯೋದ ಕೆಳಗಿನ ಪಟ್ಟಿಯ ಮೇಲೆ ಮೌಸ್ ಇಟ್ಟು ನೋಡಿದೆ. ಜಾಸ್ತಿ ಸಲ ನೋಡಿದ ಜಾಗ ತೋರಿಸುವ ಗ್ರಾಫ್ ಅಲ್ಲಿ ಬರುತ್ತದೆ. ನಮ್ಮ ಒಂದು ನಿಮಿಷದುದ್ದಕ್ಕೂ ಗ್ರಾಫ್ ನೆಲಕ್ಕೆ ಅಂಟಿಕೊಂಡಿತ್ತು. ನಮ್ಮ ಭಾಗ ಮುಗಿದ ಸೆಕೆಂಡಿಗೆ ಸರಿಯಾಗಿ ಎತ್ತರದ ಗುಡ್ಡ. ಅಂದರೆ ಜನ ನಮ್ಮನ್ನು ಹಾರಿಸಿ ಅಲ್ಲಿಗೆ ಹೋಗಿ ಕೂತಿದ್ದಾರೆ. ಅವರು ಬಂದಿದ್ದು ಆ ಕ್ರಿಯೇಟರ್‌ಗಾಗಿ, ಶೂಟರ್‌ಗಾಗಿ. ರೈಲು ಪಜಲ್ ಯಾರಿಗೆ ಬೇಕು?

ಉಳಿದ ದುಡ್ಡು ನನ್ನ ಕೈಗೆ ಬಂದದ್ದು ಆಮೇಲೆ.

ಸಬ್‌ಸ್ಕ್ರೈಬರ್ ಸಂಖ್ಯೆ ನೋಡುವುದನ್ನೇ ಬಿಟ್ಟೆ. ನಾನು ನೋಡಿದ್ದು ಇತ್ತೀಚಿನ ಹತ್ತು ವಿಡಿಯೋ. ಅವುಗಳ ಸರಾಸರಿ ಅಲ್ಲ, ಏರಿಕೆಯಲ್ಲಿ ಜೋಡಿಸಿ ನಡುವೆ ಬರುವ ಸಂಖ್ಯೆ. ಸರಾಸರಿ ಹಿಡಿದರೆ ಒಂದು ವೈರಲ್ ವಿಡಿಯೋ ಇಡೀ ಲೆಕ್ಕ ಕೆಡಿಸುತ್ತದೆ. ಆ ಸಂಖ್ಯೆ ಆರು ತಿಂಗಳ ಹಿಂದಿಗಿಂತ ಮೇಲಿದ್ದರೆ ಮುಂದೆ ಹೋಗುತ್ತಿದ್ದೆ. ಎರಡನೆಯದು ಕಾಮೆಂಟ್. 'ಸೂಪರ್ ಬ್ರೋ' ಎಷ್ಟಿದ್ದರೂ ನನಗೆ ಬೇಡ. 'ಈ ಗೇಮ್ ಸ್ಟೀಮ್ ಡೆಕ್‌ನಲ್ಲಿ ಓಡುತ್ತಾ', 'ಪೂರ್ತಿ ಗೇಮ್ ಯಾವಾಗ' ಅಂತ ಕೇಳುವವರು ಇದ್ದಾರಾ? ಕ್ರಿಯೇಟರ್ ಉತ್ತರ ಕೊಡುತ್ತಾರಾ? ಮೂರನೆಯದು, ಯಾರಿಗೂ ಗೊತ್ತಿಲ್ಲದ ಒಂದು ಗೇಮ್‌ಗೆ ಅವರು ಎರಡನೇ ವಿಡಿಯೋ ಮಾಡಿದ್ದಾರಾ? ಮಾಡಿದ್ದರೆ ಆ ಚಾನೆಲ್ ಚಿನ್ನ. ಇಷ್ಟಪಟ್ಟರೆ ಮರಳಿ ಬರುವ ಮನುಷ್ಯ ಅಂತ ಅರ್ಥ. ನಾಲ್ಕನೆಯದೊಂದು ಪರೀಕ್ಷೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಗೇಮ್‌ಗೆ ನನಗೆ ಅದೇ ಬಂಡವಾಳ.

ಹೀಗೆ ಸೋಸಿದಾಗ ಉಳಿದದ್ದು ಎರಡು ಸಾವಿರದಿಂದ ಮೂವತ್ತು ಸಾವಿರ ಸಬ್‌ಸ್ಕ್ರೈಬರ್ ಇರುವ ಚಾನೆಲ್‌ಗಳು. ನೂರೈವತ್ತರಷ್ಟು ಮೇಲ್ ಕಳಿಸಿದೆ, ಒಂದೊಂದನ್ನೂ ಕೈಯಲ್ಲೇ ಬರೆದು. ಮೂರರಲ್ಲಿ ಒಬ್ಬರು ಉತ್ತರ ಕೊಟ್ಟರು. ಜಾಸ್ತಿ ಜನಕ್ಕೆ ಕೀ ಮಾತ್ರ, ಕೆಲವರಿಗೆ ಸಣ್ಣ ಮೊತ್ತ. ದುಡ್ಡು ಕೊಟ್ಟ ಕಡೆ ಯೂಟ್ಯೂಬ್‌ನ ಪಾವತಿ ಪ್ರಚಾರದ ಗುರುತು ಹಾಕಲೇಬೇಕು, ಹೊಗಳಲೇಬೇಕು ಅಂತಿಲ್ಲ ಎಂದು ಬರೆದುಕೊಟ್ಟೆ. 'ಶ್ಯಾಡೋ ಆಫ್ ಮಾರ್ಡಾರ್' ಗೇಮ್‌ನ ಪ್ರಚಾರಕ್ಕೆ ಯೂಟ್ಯೂಬರ್‌ಗಳಿಗೆ ದುಡ್ಡು ಕೊಟ್ಟು ಒಳ್ಳೆಯ ಮಾತಾಡಿಸಿ, ಅದನ್ನು ಸರಿಯಾಗಿ ತಿಳಿಸದ ವಿಚಾರದಲ್ಲಿ 2016ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸಂಸ್ಥೆ ಎಫ್‌ಟಿಸಿ ವಾರ್ನರ್ ಬ್ರದರ್ಸ್ ಮೇಲೆ ಕ್ರಮ ತೆಗೆದುಕೊಂಡಿತ್ತು. ಅಷ್ಟು ದೊಡ್ಡವರನ್ನೇ ಬಿಡಲಿಲ್ಲ. ಅದಿರಲಿ, ಬೈಯುವ ಸ್ವಾತಂತ್ರ್ಯ ಇದ್ದವರು ಹೊಗಳಿದರೆ ಮಾತ್ರ ಜನ ಕೊಳ್ಳುತ್ತಾರೆ.

ಕೀ ಕೇಳಿ ಬರುವ ಮೇಲ್‌ಗಳಲ್ಲಿ ಮುಕ್ಕಾಲು ಪಾಲು ಕಳ್ಳರದು. ನಿಜವಾದ ಚಾನೆಲ್ ಹೆಸರು, ವಿಳಾಸದಲ್ಲಿ ಒಂದೇ ಅಕ್ಷರ ಬೇರೆ. ಕೊಟ್ಟ ಕೀ ನೇರ ಅಗ್ಗದ ಕೀ ಮಾರುವ ಸೈಟ್‌ಗೆ ಹೋಗುತ್ತದೆ. ಚಾನೆಲ್‌ನಲ್ಲೇ ಕೊಟ್ಟಿರುವ ವಿಳಾಸಕ್ಕೆ ಹೊಸ ಮೇಲ್ ಕಳಿಸಿ ಕೇಳಿ, ಅಷ್ಟು ಸಾಕು. ಸ್ಟೀಮ್‌ನಲ್ಲಿ ಗೇಮ್ ಶಿಫಾರಸು ಮಾಡುವ ಕ್ಯುರೇಟರ್ ಅಂತ ಹೇಳಿಕೊಂಡು ಐದು ಕೀ ಕೇಳುವವರಿಗೆ ಸ್ಟೀಮ್‌ನ ಕ್ಯುರೇಟರ್ ಕನೆಕ್ಟ್ ಇದೆ, ಅದರಲ್ಲೇ ಕೊಡಿ.

ನಡುವೆ ಒಂದು ಅನಾಹುತವೂ ಆಯಿತು. ನಮ್ಮ ಸಂಗೀತ ಮಾಡಿದವರು ಹಾಡುಗಳನ್ನು ಸ್ಟ್ರೀಮಿಂಗ್ ಆಪ್‌ಗಳಿಗೆ ಹಾಕುವಾಗ ಯೂಟ್ಯೂಬ್‌ನಲ್ಲಿ ಹಾಡು ಎಲ್ಲಿ ಬಂದರೂ ತಾನೇ ಹಿಡಿಯುವ ಕಂಟೆಂಟ್ ಐಡಿ ಆಯ್ಕೆಗೂ ಟಿಕ್ ಹಾಕಿದ್ದರು. ಗೇಮ್ ಆಡಿದ ಚಾನೆಲ್‌ಗಳಿಗೆಲ್ಲ ಕಾಪಿರೈಟ್ ಕ್ಲೇಮ್! ಸಣ್ಣ ಚಾನೆಲ್‌ಗೆ ಬರುವುದೇ ಚಿಲ್ಲರೆ ದುಡ್ಡು, ಅದೂ ನಮ್ಮ ಹೆಸರಿನಲ್ಲಿ ಹೋದರೆ ಹೇಗಿರುತ್ತದೆ? ಕ್ಲೇಮ್ ತೆಗೆಸಲು ಎರಡು ಮೂರು ದಿನ ಹಿಡಿಯಿತು. ಒಬ್ಬಿಬ್ಬರು ವಿಡಿಯೋ ತೆಗೆದುಹಾಕಿ ಮತ್ತೆ ನಮ್ಮ ಕಡೆ ತಿರುಗಿ ನೋಡಲಿಲ್ಲ. ಕೀ ಕಳಿಸುವ ಮೊದಲು ನಿಮ್ಮ ಸಂಗೀತದವರನ್ನು ಇದೊಂದು ಕೇಳಿಬಿಡಿ.

ಒಟ್ಟು ನಲವತ್ತರಷ್ಟು ವಿಡಿಯೋ ಬಂದವು. ಒಂದೂ ಲಕ್ಷ ದಾಟಲಿಲ್ಲ. ಎಲ್ಲ ಸೇರಿಸಿದರೂ ಆ ದೊಡ್ಡ ವಿಡಿಯೋದ ಅರ್ಧದಷ್ಟು ಜನ ನೋಡಿದ್ದಾರೆ. ವಿಶ್‌ಲಿಸ್ಟ್ ಮಾತ್ರ ಆರು ಸಾವಿರದ ಹತ್ತಿರ. ಖರ್ಚಾದದ್ದು ಪ್ರಚಾರದ ದುಡ್ಡಿನ ಐದನೇ ಒಂದು ಪಾಲು. ಅಂದರೆ ಒಂದು ವಿಶ್‌ಲಿಸ್ಟ್‌ಗೆ ದೊಡ್ಡವರ ಬಳಿ ಕೊಟ್ಟದ್ದು ಸುಮಾರು ಇಪ್ಪತ್ತೈದು ಪಟ್ಟು ಜಾಸ್ತಿ. ಯುಟಿಎಂ ಎಲ್ಲವನ್ನೂ ಹಿಡಿಯುವುದಿಲ್ಲ, ಹೆಸರು ಹುಡುಕಿ ಬರುವವರು ತಪ್ಪಿಹೋಗುತ್ತಾರೆ ಅಂತ ಪಬ್ಲಿಷರ್ ವಾದ ಮಾಡಿದರು. ಅದಕ್ಕೇ ನಾನು ವಿಡಿಯೋ ಬಂದ ಮೂರು ದಿನದಲ್ಲಿ ಮಾಮೂಲಿಗಿಂತ ಎಷ್ಟು ಏರಿತು ಅನ್ನುವುದನ್ನೂ ಸೇರಿಸಿಯೇ ಎಣಿಸಿದ್ದೆ, ಎರಡು ಕಡೆಗೂ.

ದೊಡ್ಡವರು ದಂಡ ಅಂತ ನಾನು ಹೇಳುವುದಿಲ್ಲ. 2019ರ ಫೆಬ್ರವರಿಯಲ್ಲಿ 'ಏಪೆಕ್ಸ್ ಲೆಜೆಂಡ್ಸ್' ಬಂದಾಗ ಇಎ ಕಂಪನಿ ಹೆಸರಾಂತ ಸ್ಟ್ರೀಮರ್ ನಿಂಜಾಗೆ ಹತ್ತು ಲಕ್ಷ ಡಾಲರ್ ಕೊಟ್ಟಿತ್ತು ಅಂತ ರಾಯಿಟರ್ಸ್ ಬರೆದಿತ್ತು. ಆ ಗೇಮ್ ಪುಕ್ಕಟೆ, ಅದೂ ಶೂಟರ್, ನೋಡಿದವರು ಆ ಕ್ಷಣವೇ ಇಳಿಸಿಕೊಂಡು ಆಡಬಹುದಿತ್ತು. ದುಡ್ಡು ಕೊಟ್ಟು ಕೊಳ್ಳುವ ಪಜಲ್‌ಗೆ ಆ ಲೆಕ್ಕ ಹೊಂದುವುದಿಲ್ಲ. ನನಗೆ ಹತ್ತಿರದ ಉದಾಹರಣೆ 'ಅಮಾಂಗ್ ಅಸ್'. 2018ರಲ್ಲಿ ಬಂದು ಸದ್ದಿಲ್ಲದೆ ಇತ್ತು. ಮೊದಲು ಎತ್ತಿಕೊಂಡದ್ದು ಕೊರಿಯಾ, ಬ್ರೆಜಿಲ್ ಕಡೆಯ ಕ್ರಿಯೇಟರ್‌ಗಳು. ಲೈವ್ ಆಟ ತೋರಿಸುವ ಸೈಟ್ ಟ್ವಿಚ್‌ನ ದೊಡ್ಡ ಸ್ಟ್ರೀಮರ್‌ಗಳು ಹಿಡಿದದ್ದು 2020ರಲ್ಲಿ.

ಆ ಮಟ್ಟಕ್ಕಲ್ಲದಿದ್ದರೂ ನಮಗೂ ಹಾಗೇ ಆಯಿತು. ಬಿಡುಗಡೆಯಾದ ಎರಡನೇ ವಾರ, ಪಜಲ್ ಗೇಮ್‌ಗಳಿಗೇ ಹೆಸರಾದ ಒಂದು ದೊಡ್ಡ ಚಾನೆಲ್ ಮುಕ್ಕಾಲು ಗಂಟೆಯ ವಿಡಿಯೋ ಹಾಕಿತು. ನಾವು ಒಂದು ಪೈಸೆ ಕೊಟ್ಟಿರಲಿಲ್ಲ. ಒಂದು ಸಣ್ಣ ಚಾನೆಲ್‌ನಲ್ಲಿ ನೋಡಿದೆ ಅಂತ ಅವರೇ ಶುರುವಿನಲ್ಲಿ ಹೇಳಿದ್ದಾರೆ. ಆ ವಾರಾಂತ್ಯದ ಮಾರಾಟ ಬಿಡುಗಡೆ ದಿನದ ಮಾರಾಟವನ್ನೂ ಮೀರಿತು.

ಪಕ್ಕದಲ್ಲಿ ಸಣ್ಣಪುಟ್ಟ ಪ್ರಯೋಗ ನಡೆದೇ ಇದ್ದವು. ಶಾರ್ಟ್ಸ್ ಮಾಡಿಸಿದೆ. ನೋಡಿದವರು ಲೆಕ್ಕವಿಲ್ಲ, ವಿಶ್‌ಲಿಸ್ಟ್ ಮಾತ್ರ ಅಲುಗಾಡಲಿಲ್ಲ. ಟ್ವಿಚ್‌ನ ಪರಿಣಾಮ ಲೈವ್ ಇದ್ದ ಆ ರಾತ್ರಿಗಷ್ಟೇ. ಯೂಟ್ಯೂಬ್ ವಿಡಿಯೋಗಳಿಂದ ಇಂದಿಗೂ ದಿನಕ್ಕೆ ನಾಲ್ಕೈದು ವಿಶ್‌ಲಿಸ್ಟ್ ಬರುತ್ತಿವೆ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಸೇವ್ ಫೈಲ್. ನಮ್ಮ ಗೇಮ್ ರಂಗೇರುವುದು ಮೂರನೇ ಗಂಟೆಯಲ್ಲಿ, ಜಂಕ್ಷನ್ ಬಂದ ಮೇಲೆ. ಕೀ ಜೊತೆಗೆ ಅಲ್ಲಿಂದಲೇ ಶುರುವಾಗುವ ಸೇವ್ ಒಂದನ್ನು ಕಳಿಸಿದೆ. ಅದನ್ನು ಬಳಸಿದವರ ವಿಡಿಯೋಗಳು ಉಳಿದವರದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ವಿಶ್‌ಲಿಸ್ಟ್ ತಂದವು. ಇನ್ನೊಬ್ಬರಿಗೆ ಲೆವೆಲ್ ಎಡಿಟರ್ ಕೊಟ್ಟು, ಅವರ ಚಾನೆಲ್ ಹೆಸರಿನಲ್ಲೇ ಒಂದು ಸ್ಟೇಷನ್ ಮಾಡಿಕೊಟ್ಟೆ. ಅವರು ಕೇಳದೆಯೇ ನಾಲ್ಕು ವಿಡಿಯೋ ಮಾಡಿದರು.

ಆಗ ಅವರಿಗೆ ನಾಲ್ಕು ಸಾವಿರ ಸಬ್‌ಸ್ಕ್ರೈಬರ್ ಇದ್ದರು, ಈಗ ಲಕ್ಷ ದಾಟಿದೆ. ರೇಟೂ ಏರಿದೆ, ಏರಬೇಕಾದ್ದೇ. ಹೊಸ ಗೇಮ್‌ಗೆ ಅವರ ಜೊತೆ ಈಗಲೇ ಮಾತಾಗಿದೆ. ಈ ಸಲ ಒಪ್ಪಂದದಲ್ಲಿ ತಾರೀಖು, ಗಂಟೆ ಎರಡೂ ಬರೆಸಿದ್ದೇನೆ. ಉಳಿದ ದುಡ್ಡಿಗೆ ಎರಡು ಸಾವಿರದವರ ಹೊಸ ಪಟ್ಟಿ ತಯಾರಾಗುತ್ತಿದೆ.