ರಷ್ಯನ್ ಹಾಸ್ಯಕ್ಕೆ ಕನ್ನಡ ಸಬ್‌ಟೈಟಲ್: ಎರಡನೇ ಸಲ ನಕ್ಕರು

ಸೋವಿಯತ್ ಕಾಲದ ಹಾಸ್ಯ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಹಾಕ್ತೀನಿ ಅಂದಾಗ ಗೆಳೆಯರೆಲ್ಲ ‘ಅವರ ಜೋಕು ನಮಗೆಲ್ಲಿ ಹತ್ತುತ್ತೆ, ಸುಮ್ನೆ ದುಡ್ಡು ದಂಡ’ ಅಂದಿದ್ದರು. ಮೊದಲನೇ ಸಲ ಅವರು ಹೇಳಿದ್ದೇ ಆಯಿತು.

ಆಗ ಹಿಡಿದದ್ದು ಎಲ್ದಾರ್ ರಿಯಾಜಾನೊವ್ ಅವರ ‘ವಿಧಿಯ ವ್ಯಂಗ್ಯ’. ಮೂರು ಗಂಟೆಯ ಚಿತ್ರ. ಕುಡಿದ ಮತ್ತಿನಲ್ಲಿ ಮಾಸ್ಕೋದವನೊಬ್ಬ ಲೆನಿನ್‌ಗ್ರಾಡ್ ಸೇರುತ್ತಾನೆ. ಅಲ್ಲೂ ಅದೇ ಬೀದಿ ಹೆಸರು, ಅದೇ ಥರದ ಕಟ್ಟಡ, ಅವನ ಬೀಗದ ಕೈಗೆ ಅಲ್ಲಿನ ಬಾಗಿಲೂ ತೆಗೆಯುತ್ತದೆ. ಅಲ್ಲಿ ಜನ ನಕ್ಕರು. ಆಮೇಲೆ ಹಾಡುಗಳು ಶುರುವಾದವು. ಕೆಲವು ಪಾಸ್ತರ್ನಾಕ್, ತ್ಸ್ವೆತಾಯೆವಾ ಕವಿತೆಗಳು. ಪ್ರಾಸ ಹುಡುಕುತ್ತಾ ಹತ್ತಿರ ಎರಡು ತಿಂಗಳು ಕಳೆದಿದ್ದೆ. ಒಬ್ಬರೂ ಓದಲಿಲ್ಲ. ಸಾಲದ್ದಕ್ಕೆ ಬಾಡಿಗೆ ಲ್ಯಾಪ್‌ಟಾಪ್‌ನಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಉದುರಿಬಿದ್ದವು. ಕಾಫಿ ಕುಡಿದು ಅರ್ಧ ಜನ ಹಾಗೇ ಮನೆಗೆ ಹೋದರು. ಹಾಲ್ ಬಾಡಿಗೆ, ಪ್ರೊಜೆಕ್ಟರು, ಕಾಫಿ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಅವತ್ತಿಂದ ಸಬ್‌ಟೈಟಲ್ ಬೇರೆಯಾಗಿ ಇರೋ ಎಸ್ಆರ್‌ಟಿ ಫೈಲನ್ನು ನಂಬೋದಿಲ್ಲ, ಅಕ್ಷರವನ್ನು ವಿಡಿಯೊದೊಳಗೇ ಕೂರಿಸಿ ಒಯ್ಯುತ್ತೇನೆ.

ಎರಡನೇ ಸಲ ರಿಯಾಜಾನೊವ್ ಅವರದ್ದೇ ‘ಗ್ಯಾರೇಜ್’ (1979). ಗ್ಯಾರೇಜ್ ಕಟ್ಟಿಸುತ್ತಿರುವ ಸಹಕಾರ ಸಂಘ. ಜಾಗದಲ್ಲಿ ರಸ್ತೆ ಹಾಯುತ್ತದೆ, ನಾಲ್ವರನ್ನು ಕೈಬಿಡಬೇಕು. ಮಾರ್ಕೆಟ್ ಡೈರೆಕ್ಟರ್ ಮೇಡಮ್ಮನ್ನೂ ದೊಡ್ಡವರೊಬ್ಬರ ಮಗನನ್ನೂ ಮಾತ್ರ ಮುಟ್ಟೋ ಹಾಗಿಲ್ಲ. ಒಬ್ಬಾಕೆ ಬಾಗಿಲಿಗೆ ಬೀಗ ಹಾಕಿ ಎಲ್ಲರನ್ನೂ ರಾತ್ರಿಯಿಡೀ ಕೂಡಿಹಾಕುತ್ತಾಳೆ. ನಮ್ಮ ಲೇಔಟಿನ ಕಥೆಯೇ ಅಲ್ವಾ?

ಮೊದಲ ಕರಡಿನ ತುಂಬ ‘ಕಾಮ್ರೇಡ್’ ಅಂತಲೇ ಇತ್ತು. ಪಕ್ಷದ ಭಾಷಣದ ಹಾಗೆ ಕೇಳಿಸುತ್ತಿತ್ತು. ಅದನ್ನು ಬಿಸಾಕಿ, ನೋಟ್‌ಬುಕ್ ಹಿಡಿದು ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಎರಡು ಗಂಟೆ ಕೂತೆ. ‘ಸದಸ್ಯರೇ’, ‘ಠರಾವು’, ‘ಕೋರಂ ಇಲ್ಲ ಸ್ವಾಮಿ’ ಎಲ್ಲ ಅಲ್ಲಿಂದಲೇ ಬಂದದ್ದು. ಜಗಳ ಏರಿದ ಹಾಗೆ ‘ನೀವು’ ಹೋಗಿ ‘ನೀನು’ ಬರಬೇಕು, ರಷ್ಯನ್ನಲ್ಲೂ ಹಾಗೇ. ಅದನ್ನು ತೋರಿಸಿಕೊಟ್ಟವರು ರಷ್ಯಾದಲ್ಲಿ ಓದಿಬಂದ ಡಾಕ್ಟರೊಬ್ಬರು. ಅವರಿಗೆ ಕೊಟ್ಟದ್ದು ಮೂರು ಸಾವಿರ, ಒಂದು ಊಟ.

ಸಾವಿರದ ಎಂಟುನೂರು ಚಿಲ್ಲರೆ ಸಾಲುಗಳಿದ್ದವು. ಸಾವಿರದ ನೂರಕ್ಕೆ ಇಳಿಸಿದೆ. ಜೋಕಿನ ಕೊನೇ ಪದವನ್ನು ಮಾತಿಗಿಂತ ಮೊದಲು ತೋರಿಸಬೇಡಿ, ಸತ್ತೇಹೋಗುತ್ತದೆ. ನಾಲ್ಕು ಜನ ಒಟ್ಟಿಗೆ ಕಿರುಚುವಾಗ ಏನು ಮಾಡಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ದಾನೆಲಿಯಾ ಅವರ ‘ಕಿನ್-ಜಾ-ಜಾ’ದಲ್ಲೂ (1986) ಕೈಯಾಡಿಸಿದೆ. ಅದರಲ್ಲಿ ಬರೋ ಬೇರೆ ಗ್ರಹದವರಿಗೆ ಹೆಚ್ಚುಕಡಿಮೆ ಎಲ್ಲದಕ್ಕೂ ‘ಕೂ’ ಒಂದೇ ಪದ. ಅಷ್ಟು ಅಗ್ಗದ ಅನುವಾದ ನಾನು ಮಾಡಿಲ್ಲ. ಧಾರವಾಡದ ಧಾಟಿಯಲ್ಲಿ ‘ಕೂ ರೀ’ ಅಂತ ಹಾಕಿ ನೋಡಿದೆ. ನನಗೊಬ್ಬನಿಗೇ ನಗು ಬಂತು.

‘ಗ್ಯಾರೇಜ್’ ತೋರಿಸಿದ ದಿನ ಮೂವತ್ತೈದು ನಲವತ್ತು ಜನ ಇದ್ದರು, ಯಾರೂ ನಡುವೆ ಎದ್ದುಹೋಗಲಿಲ್ಲ. ಖರ್ಚು ಕಳೆದು ನಾನೂರು ಉಳಿಯಿತು ಕೂಡ. ಚಿತ್ರದ ಕೊನೆಯಲ್ಲಿ, ಯಾರನ್ನು ಕೈಬಿಡೋದು ಅಂತ ಚೀಟಿ ಎತ್ತುತ್ತಾರೆ. ಸಭೆ ನಡೆಯೋದು ಪ್ರಾಣಿಗಳ ಮ್ಯೂಸಿಯಮ್ಮಿನಲ್ಲಿ; ಅಲ್ಲಿ ಹುಲ್ಲು ತುಂಬಿದ ನೀರಾನೆಯ ಮೇಲೆ ಮಲಗಿ ನಿದ್ದೆ ಹೊಡೆಯುತ್ತಿದ್ದವನ ತಲೆಗೇ ಅದು ಬರುತ್ತದೆ. ಆ ಪಾತ್ರ ಸ್ವತಃ ರಿಯಾಜಾನೊವ್ ಅವರದ್ದು. ಆಗ ಹಿಂದಿನ ಸಾಲಿನಿಂದ ನಮ್ಮ ಹಳೇ ಸೆಕ್ರೆಟರಿ ಅಂಕಲ್ ಎದ್ದುನಿಂತು ಕೂಗಿದರು: ‘ಇದು ನಡೆಯಲ್ಲ, ಇನ್ನೊಂದ್ಸಲ ಎತ್ತಿಸ್ರೀ!’